ವೀರ್ಯ ಪರೀಕ್ಷೆಗೆ ಸ್ಯಾಂಪಲ್ ಕೆಡದಂತೆ ಕೊಡುವುದು ಹೇಗೆ?

ಮಕ್ಕಳಾಗುವುದು ತಡವಾದರೆ ಹೆಂಡತಿಗೆ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್. ಗಂಡನಿಗೆ ಇರುವುದು ಒಂದು ಸುಲಭದ ಪರೀಕ್ಷೆ. ಅದನ್ನೂ ಕೆಡಿಸಿಕೊಂಡು ಬರುವವರೇ ಜಾಸ್ತಿ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಹಿಂದಿನ ಸಲ ವೀರ್ಯ ಹೋಗಿ 2ರಿಂದ 7 ದಿನದೊಳಗೆ ಇರಬೇಕು. ನನ್ನನ್ನು ಕೇಳಿದರೆ ಮೂರನೇ ದಿನವೇ ಸರಿ. ತಿಂಗಳುಗಟ್ಟಲೆ ತಡೆದುಕೊಂಡರೆ ಏನೂ ಲಾಭವಿಲ್ಲ, ವೀರ್ಯಾಣುಗಳ ಓಡಾಟ ಕುಗ್ಗುತ್ತದೆ.

ಇನ್ನು ಎಲ್ಲರೂ ಎಡವುವ ಹಂತ. ಡಬ್ಬಿ ಲ್ಯಾಬಿನವರು ಕೊಟ್ಟಿದ್ದೇ ಆಗಬೇಕು. ತೊಳೆದ ಜಾಮ್ ಬಾಟಲಿ ಬೇಡ. ಕೈ, ಅಂಗ ತೊಳೆದು ಸೋಪು ಪೂರ್ತಿ ಹೋಗುವಂತೆ ನೀರು ಹಾಕಿ, ಒರೆಸಿಕೊಳ್ಳಿ. ಕೊಬ್ಬರಿ ಎಣ್ಣೆ, ಜೆಲ್, ಎಂಜಲು ಯಾವುದೂ ಬೇಡ. ಮಾಮೂಲಿ ಕಾಂಡೋಮಿನಲ್ಲಿ ಹಿಡಿದು ತರಬೇಡಿ, ಅದರಲ್ಲಿ ವೀರ್ಯಾಣು ಸಾಯುತ್ತದೆ. ಮುಖ್ಯವಾದದ್ದು ಮೊದಲ ಹನಿಗಳು. ಹೆಚ್ಚಿನ ವೀರ್ಯಾಣು ಇರುವುದೇ ಅಲ್ಲಿ. ಅದು ಚೆಲ್ಲಿಹೋದರೆ ನಾಚಿಕೆ ಬಿಟ್ಟು ಲ್ಯಾಬಿನವರಿಗೆ ಹೇಳಿ. ಸುಮ್ನೆ ಮುಚ್ಚಿಟ್ಟರೆ ರಿಪೋರ್ಟ್ ನೋಡಿ ಗಾಬರಿಯಾಗುವವರು ನೀವೇ.

ಸಾಧ್ಯವಾದರೆ ಲ್ಯಾಬಿನಲ್ಲೇ ಕೊಡಿ. ಮನೆಯಿಂದ ತಂದರೆ ಒಂದು ಗಂಟೆಯೊಳಗೆ ತಲುಪಬೇಕು. ಮಂಡ್ಯದಲ್ಲಿ ಡಬ್ಬಿ ಹಿಡಿದು ಮೈಸೂರಿನ ಬಸ್ಸು ಹತ್ತಿದರೆ ಆ ಗಂಟೆ ದಾರಿಯಲ್ಲೇ ಮುಗಿಯುತ್ತದೆ. ಫ್ರಿಜ್ಜೂ ಬೇಡ, ಬೈಕ್ ಡಿಕ್ಕಿಯೂ ಬೇಡ. ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು ಬನ್ನಿ.

ರಿಪೋರ್ಟ್ ಓದುವಾಗ ಒಂದು ಮಾತು ನೆನಪಿರಲಿ. ಅದು ಹೇಳುವುದು ಎರಡು ಮೂರು ತಿಂಗಳ ಹಿಂದಿನ ಕಥೆ. ವೃಷಣದ ಸಣ್ಣ ಕೊಳವೆಗಳಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಅಷ್ಟೂ ದಿನ ಸರ್ಟೋಲಿ ಕೋಶಗಳು ಅದಕ್ಕೆ ಆಹಾರ ಒದಗಿಸುತ್ತವೆ. ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು, ಮೈಯ ರೋಗನಿರೋಧಕ ಕೋಶಗಳು ಒಳಗೆ ನುಗ್ಗದಂತೆಯೂ ತಡೆಯುತ್ತವೆ. ಕೊಳವೆಗಳ ನಡುವಿನ ಲೈಡಿಗ್ ಕೋಶಗಳು ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನು ತಯಾರಿಸುತ್ತವೆ. ಇಷ್ಟೆಲ್ಲ ಮೈ ಬಿಸಿಗಿಂತ 2ರಿಂದ 4 ಡಿಗ್ರಿ ತಂಪಿನಲ್ಲಿ ನಡೆಯಬೇಕು. ಹಾಗಾಗಿ ಹೋದ ತಿಂಗಳು ಜ್ವರ ಬಂದಿದ್ದರೆ, ಆಲೆಮನೆಯ ಒಲೆ ಮುಂದೆ ದಿನವಿಡೀ ಕೆಲಸವಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು. ಅದಕ್ಕಿಂತ ಕಡಿಮೆ ಬಂದರೆ ಮಕ್ಕಳೇ ಆಗುವುದಿಲ್ಲ ಎಂದಲ್ಲ. ಸಾಮಾನ್ಯವಾಗಿ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಒಂದೂ ಕಾಣದಿದ್ದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಆ ನಡುವೆ ಬಸ್‌ಸ್ಟ್ಯಾಂಡ್ ಗೋಡೆಯ ಜಾಹೀರಾತು ನೋಡಿ ಪುಡಿ ಕೊಳ್ಳಬೇಡಿ. ಜಿಮ್‌ನಲ್ಲಿ ಕೊಡುವ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಅದಕ್ಕಿಂತ ಅಪಾಯ. ಹಾರ್ಮೋನು ಹೊರಗಿನಿಂದ ಬಂದಿತೆಂದು ಮೆದುಳು ವೃಷಣಕ್ಕೆ ಕೊಡುವ ಆಜ್ಞೆ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯಲೂಬಹುದು. ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.