ಗಾಡಿಗೆ ಎರಡನೇ ಬ್ಯಾಟರಿ: ಕ್ಯಾಂಪಿಂಗ್‌ಗೆ ಹೊರಡುವವರು ಮೊದಲು ಮಾಡಿಸಬೇಕಾದ ಕೆಲಸ

ಬೆಂಗಳೂರಿನ ಜೆ.ಸಿ. ರೋಡಿನ ಗಾಡಿ ಸಾಮಾನಿನ ಅಂಗಡಿಗಳ ಮುಂದೆ ನಿಂತರೆ ಒಂದು ಕ್ರಮ ಕಣ್ಣಿಗೆ ಬೀಳುತ್ತದೆ. ಹೊಸ ಥಾರನ್ನೋ ಜಿಮ್ನಿಯನ್ನೋ ತಂದವರು ಮೊದಲು ಟಾಪಿನ ಮೇಲೆ ಲೈಟ್‌ಬಾರ್ ಹಾಕಿಸುತ್ತಾರೆ, ಆಮೇಲೆ ಮುಂದೆ ಕಬ್ಬಿಣದ ಗಾರ್ಡು, ಆಮೇಲೆ ಕ್ಯಾರಿಯರ್, ಅದರ ಮೇಲೊಂದು ಟೆಂಟು. ಕೊನೆಗೆ ಉಳಿದ ದುಡ್ಡಲ್ಲಿ ಫ್ರಿಜ್ಜು. ಅದಕ್ಕೆ ಕರೆಂಟು ಕೊಡಲು ಅರ್ಧ ಗಂಟೆಯಲ್ಲಿ ಎಳೆದ ತೆಳ್ಳನೆ ವೈರು. ಊರು ಬಿಟ್ಟ ಎರಡನೇ ರಾತ್ರಿ ಕೈಕೊಡುವುದು ಆ ವೈರೇ. ಅದಕ್ಕೇ ಈ ಲೇಖನದ ಹೆಚ್ಚಿನ ಪಾಲು ವೈರಿಂಗ್ ಬಗ್ಗೆ. ಉಳಿದದ್ದು ಅಷ್ಟು ಕಷ್ಟವಿಲ್ಲ.

ಮುಂದಿನ ಗಾರ್ಡಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ: ಬೇಡ. ಈ ಗಾರ್ಡು, ಅಂದರೆ ಬುಲ್ ಬಾರ್, ಹಾಕಕೂಡದು ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಅಡ್ಡ ಬರುತ್ತದೆ. ದಂಡ ಹೋಗಲಿ, ಗುದ್ದಿದಾಗ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯುತ್ತದೆಂಬ ಭರವಸೆಯೂ ಉಳಿಯುವುದಿಲ್ಲ.

ಮೊದಲು ತೂಕ

ಟ್ಯಾಂಕು ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಪೀಣ್ಯ ಅಥವಾ ನೆಲಮಂಗಲ ಕಡೆ ಲಾರಿಗಳು ನಿಲ್ಲುವ ಯಾವುದಾದರೂ ವೇಬ್ರಿಡ್ಜಿಗೆ ಹೋಗಿ ತೂಕದ ಚೀಟಿ ತನ್ನಿ. ಗಾಡಿಯ ಗರಿಷ್ಠ ತೂಕದಿಂದ ಅದನ್ನು ಕಳೆದರೆ ನಿಮ್ಮ ಸಾಮಾನಿನ ಲೆಕ್ಕ ಸಿಗುತ್ತದೆ. ಜಿಮ್ನಿಯದು ಖಾಲಿ ತೂಕ ಸುಮಾರು 1,200 ಕೆ.ಜಿ., ಗರಿಷ್ಠ 1,545. ನಾಲ್ಕು ಜನ ಕೂತರೆ ಉಳಿಯುವುದು ಎಪ್ಪತ್ತೆಂಬತ್ತು ಕೆ.ಜಿ. ಅಷ್ಟೇ. ರೂಫ್ ಟೆಂಟಿನ ತೂಕವೇ 50ರಿಂದ 70 ಕೆ.ಜಿ. ಇರುತ್ತದೆ. ಅದು ತಲೆಯ ಮೇಲೆ ಕೂತರೆ ಸಕಲೇಶಪುರದ ತಿರುವುಗಳಲ್ಲಿ ಗಾಡಿ ವಾಲುವುದು ಸೀಟಿನಲ್ಲೇ ಗೊತ್ತಾಗುತ್ತದೆ. ನೆಲದ ಮೇಲೆ ಹಾಕುವ ಒಳ್ಳೆಯ ಟೆಂಟು ತೆಗೆದುಕೊಳ್ಳಿ, ಉಳಿದ ದುಡ್ಡನ್ನು ಟೈರಿಗೆ ಹಾಕಿ. ಇದರಲ್ಲಿ ನನ್ನ ಹತ್ತಿರ ಚರ್ಚೆ ಇಲ್ಲ.

ಟೈರು ಆಲ್ ಟೆರೇನ್ (ರಸ್ತೆಗೂ ಕಚ್ಚಾ ದಾರಿಗೂ ಆಗುವಂಥದ್ದು) ಸಾಕು, ಮಡ್ ಟೆರೇನ್ (ಕೆಸರಿನದು) ಬೇಡ. ನಮ್ಮ ಪ್ರಯಾಣದ ಬಹುಪಾಲು ಟಾರು ರಸ್ತೆಯೇ. ಮರಳಿಗೆ ಇಳಿಯುವಾಗ ಗಾಳಿಯನ್ನು 18-20 ಪಿಎಸ್ಐಗೆ ಇಳಿಸಿ, ರಸ್ತೆಗೆ ಹತ್ತಿದ ತಕ್ಷಣ ಮತ್ತೆ ತುಂಬಿಸಿ. ಪಂಪು ಬ್ಯಾಟರಿಗೆ ನೇರ ಕಚ್ಚಿಸುವಂಥದ್ದಿರಲಿ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಅಗ್ಗದ ಪಂಪು ಮೂರನೇ ಟೈರಿಗೆ ಬರುವಷ್ಟರಲ್ಲಿ ಮುಟ್ಟಲಾರದಷ್ಟು ಕಾದಿರುತ್ತದೆ.

ಈಗ ಬ್ಯಾಟರಿ

ಫ್ರಿಜ್ಜು ನಿಜವಾಗಿ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಅಪರೂಪಕ್ಕೊಮ್ಮೆ ಎರಡು ದಿನಕ್ಕೆ ಹೋಗಿ ಬರುವವರಿಗೆ ದಪ್ಪ ಗೋಡೆಯ ಐಸ್ ಪೆಟ್ಟಿಗೆ ಸಾಕು. ಈ ಭಾಗವನ್ನು ಅವರು ಓದಬೇಕಾಗಿಯೇ ಇಲ್ಲ. ಹಿಮಾಚಲದ ಸ್ಪಿತಿ, ಗುಜರಾತಿನ ಕಛ್ ಎಂದು ವಾರಗಟ್ಟಲೆ ಹೊರಡುವವರು ಮುಂದೆ ಓದಿ.

40 ಲೀಟರಿನ ಕಂಪ್ರೆಸರ್ ಫ್ರಿಜ್ಜು ಓಡುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಬಿಟ್ಟು ಬಿಟ್ಟು ಓಡುವುದರಿಂದ ದಿನಕ್ಕೆ 40ರಿಂದ 50 ಆಂಪಿಯರ್-ಅವರ್ ಎಂದಿಟ್ಟುಕೊಳ್ಳಿ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಇದನ್ನು ಗಾಡಿಯ ಸ್ವಂತ ಬ್ಯಾಟರಿಯಿಂದ ತೆಗೆದರೆ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಆದ್ದರಿಂದ ಎರಡನೆಯದು ಬೇಕು. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಅಂದರೆ ಸಿಗುವುದು ಒಂದು ದಿನದ ಫ್ರಿಜ್ಜು. ಅಷ್ಟೇ ಗಾತ್ರದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಶೇ 80ರಿಂದ 90ರವರೆಗೆ ಕೊಡುತ್ತದೆ, ತೂಕವೂ ಅರ್ಧಕ್ಕಿಂತ ಕಡಿಮೆ. ದುಡ್ಡಿದ್ದರೆ ಅದೇ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಕೂಡದು. ಸ್ಪಿತಿಯ ಬೆಳಗಿನಲ್ಲಿ ಇದು ನೆನಪಿರಲಿ. ಬಾನೆಟ್ಟಿನೊಳಗಿನ ಕಾವೂ ಅದಕ್ಕೆ ಆಗದು, ಡಿಕ್ಕಿಯಲ್ಲೇ ಇರಲಿ.

ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಯನ್ನು ಡಿಕ್ಕಿಯಲ್ಲಿಟ್ಟು ಹೊರಟವರನ್ನು ನೋಡಿದ್ದೇನೆ. ಅದು ಹೈಡ್ರೋಜನ್ ಬಿಡುತ್ತದೆ, ಹಳ್ಳ ಹಾರಿದರೆ ಆಸಿಡ್ ಚೆಲ್ಲುತ್ತದೆ, ಅದರ ಪಕ್ಕದಲ್ಲೇ ಮಕ್ಕಳು ಮಲಗುತ್ತಾರೆ. ದಯವಿಟ್ಟು ಬೇಡ.

ಎರಡು ಬ್ಯಾಟರಿಗಳನ್ನು ಬರೀ ರಿಲೇ (ವೋಲ್ಟೇಜ್ ಏರಿದಾಗ ತಾನಾಗಿ ಕೂಡಿಕೊಳ್ಳುವ ಸ್ವಿಚ್ಚು) ಹಾಕಿ ಜೋಡಿಸುವುದು ಹಳೆಯ ಪದ್ಧತಿ. ಹಳೆಯ ಬೊಲೆರೊಗೆ ಅದು ನಡೆಯುತ್ತದೆ. ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಬಹಳಷ್ಟಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಬ್ಯಾಟರಿ ತುಂಬಿಸುವ ಜನರೇಟರ್) ಇದೆ. ಮುಂದಿನ ಬ್ಯಾಟರಿ ತುಂಬಿದೊಡನೆ ಅದು ವೋಲ್ಟೇಜ್ ಇಳಿಸಿಬಿಡುತ್ತದೆ, ರಿಲೇ ಬಿಟ್ಟುಕೊಳ್ಳುತ್ತದೆ, ಹಿಂದಿನದು ದಿನವಿಡೀ ಓಡಿಸಿದರೂ ಅರೆಹೊಟ್ಟೆ. ಇದಕ್ಕೆ ಡಿಸಿ-ಡಿಸಿ ಚಾರ್ಜರ್ ಬೇಕು, ಬರುವ ವೋಲ್ಟೇಜ್ ಇಳಿದರೂ ಅದನ್ನು ಏರಿಸಿ ಎರಡನೇ ಬ್ಯಾಟರಿಗೆ ಕೊಡುವ ಪೆಟ್ಟಿಗೆ. 20 ಆಂಪಿಯರಿನದು ಸಾಕು: ಎರಡು ಗಂಟೆ ಗಾಡಿ ಓಡಿದರೆ ಫ್ರಿಜ್ಜಿನ ಒಂದು ದಿನದ ಊಟ. ಚಾರ್ಜರನ್ನು ಎರಡನೇ ಬ್ಯಾಟರಿಯ ಹತ್ತಿರವೇ ಕೂರಿಸಿ, ಅದರ ಸಿಗ್ನಲ್ ವೈರನ್ನು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆ ಕೊಡಿ.

ಇನ್ನು ಕೇಬಲ್. ಎಡವುವುದು ಇಲ್ಲೇ. ಬಾನೆಟ್ಟಿನಿಂದ ಡಿಕ್ಕಿಗೆ ಸುಮಾರು ಐದು ಮೀಟರ್, ಹೋಗಿ ಬರಲು ಹತ್ತು. ಮನೆಯ ವೈರಿಂಗಿಗೆ ಬಳಸುವ 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 25 ಆಂಪಿಯರ್ ಹರಿದರೆ ದಾರಿಯಲ್ಲೇ 1.7 ವೋಲ್ಟ್ ನಷ್ಟವಾಗುತ್ತದೆ. 12 ವೋಲ್ಟಿನಲ್ಲಿ ಇದು ದೊಡ್ಡ ಮೊತ್ತ, ಚಾರ್ಜರ್ ಮುನಿಸಿಕೊಂಡು ನಿಲ್ಲುತ್ತದೆ. 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ಲಿನಲ್ಲಿ ನಷ್ಟ ಕಾಲು ವೋಲ್ಟ್ ಅಷ್ಟೇ. ಅಗ್ಗಕ್ಕೆ ಸಿಗುವ ಕೇಬಲ್ಲಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಅಲ್ಲೇ ಬಿಟ್ಟು ಬನ್ನಿ.

ಫ್ಯೂಸ್ ಎರಡು ಬೇಕು, ಒಂದಲ್ಲ. ಕೇಬಲ್ಲಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ಮಧ್ಯೆ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಎರಡೂ ಕಡೆಯಿಂದ ಕರೆಂಟು ನುಗ್ಗುತ್ತದೆ. ಪ್ರತಿ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 40 ಆಂಪಿಯರ್ ಫ್ಯೂಸ್ ಇರಬೇಕು. ಫ್ಯೂಸಿನ ಕೆಲಸ ಕೇಬಲ್ಲನ್ನು ಬೆಂಕಿಯಿಂದ ಕಾಯುವುದು. ಅದನ್ನು ಫ್ರಿಜ್ಜಿನ ಪಕ್ಕ ಮಾತ್ರ ಹಾಕಿದರೆ ಮಧ್ಯದ ಐದು ಮೀಟರನ್ನು ಕಾಯುವವರಿಲ್ಲ. ಫ್ರಿಜ್ಜಿನ ವೈರಿಗೆ ಬೇರೆ ಫ್ಯೂಸ್, 15 ಆಂಪಿಯರ್.

ಕೇಬಲ್ಲಿನ ತುದಿಗೆ ತಾಮ್ರದ ಲಗ್ (ಬೋಲ್ಟಿಗೆ ಸಿಕ್ಕಿಸುವ ಕಣ್ಣು) ಹಾಕಿ, ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಿ. ಸುತ್ತಿಗೆಯಲ್ಲಿ ಕುಟ್ಟಿ, ಮೇಲೆ ಕಪ್ಪು ಟೇಪು ಸುತ್ತಿ ‘ಆಯ್ತು ಸಾರ್’ ಎನ್ನುವವರು ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಬೆಸುಗೆಯೂ ಬೇಡ. ಸೀಸ ಎಳೆಗಳೊಳಗೆ ಹರಿದು ಗಟ್ಟಿಯಾಗುತ್ತದೆ, ಕುಲುಕಾಟಕ್ಕೆ ಕೇಬಲ್ ಅಲ್ಲೇ ಮುರಿಯುತ್ತದೆ. ಕೇಬಲ್ ಲೋಹದ ಗೋಡೆ ದಾಟುವ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ), ಉಳಿದ ಉದ್ದಕ್ಕೂ ಸುರುಳಿ ಪೈಪು, ಸೈಲೆನ್ಸರಿನಿಂದ ದೂರ.

ನೆಗೆಟಿವ್ ಬಗ್ಗೆ ಯಾರೂ ಹೇಳುವುದಿಲ್ಲ. ಹೊಸ ಗಾಡಿಗಳ ಬ್ಯಾಟರಿಯ ಮೈನಸ್ ಕಂಬದ ಮೇಲೆ ಸಣ್ಣದೊಂದು ಸೆನ್ಸರ್ ಕೂತಿರುತ್ತದೆ, ಬ್ಯಾಟರಿಗೆ ಬರುವ ಹೋಗುವ ಕರೆಂಟಿನ ಲೆಕ್ಕ ಅದರ ಬಳಿ. ನಿಮ್ಮ ಮೈನಸ್ಸನ್ನು ನೇರ ಕಂಬಕ್ಕೇ ಕಚ್ಚಿಸಿದರೆ ಆ ಲೆಕ್ಕ ತಪ್ಪುತ್ತದೆ. ಬಾಡಿಗೆ ಅರ್ತ್ ಕೊಟ್ಟಿರುವ ಬೋಲ್ಟಿಗೆ ಕೊಡಿ. ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಲಗ್ ಕೂರಿಸಿ, ಮೇಲೆ ಗ್ರೀಸು ಸವರಿ.

ಬ್ಯಾಟರಿಯನ್ನು ಉಕ್ಕಿನ ಪಟ್ಟಿಯಿಂದ ನೆಲಕ್ಕೆ ಬೋಲ್ಟ್ ಮಾಡಿ. ಬಂಗೀ ಹಗ್ಗ ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ಈಗ ಪವರ್ ಸ್ಟೇಷನ್ ಪೆಟ್ಟಿಗೆಗಳು ಬಂದಿವೆ. ಮನೆಯಲ್ಲಿ ಚಾರ್ಜ್ ಮಾಡಿ ಎತ್ತಿಕೊಂಡು ಹೋಗಬಹುದು. ಒಳ್ಳೆಯ ದಾರಿಯೇ. ಆದರೆ ಗಾಡಿಯ 12 ವೋಲ್ಟ್ ಸಾಕೆಟ್ಟಿನಿಂದ ಅವು ತುಂಬುವುದು ಬಲು ನಿಧಾನ.

ಅಡುಗೆ, ನೀರು

20 ಲೀಟರಿನ ಕ್ಯಾನು, ಒಂದು ಬರ್ನರಿನ ಒಲೆ, ಮುಚ್ಚಳ ಭದ್ರವಾದ ಎರಡು ಡಬ್ಬ. ಟೆಂಟಿನೊಳಗೆ ಒಲೆ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ವಾಸನೆ ಕೊಟ್ಟು ಬರುವುದಿಲ್ಲ. ಪ್ಲೈವುಡ್ ಡ್ರಾಯರುಗಳ ಆಸೆ ಸದ್ಯಕ್ಕೆ ಬಿಡಿ, ಮತ್ತೆ ತೂಕದ ಮಾತೇ ಬರುತ್ತದೆ.

ಪರೀಕ್ಷೆ

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ಒಂದು ರಾತ್ರಿ ಫ್ರಿಜ್ಜು ಓಡಿಸಿ. ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ನೋಡಿ: ಲೆಡ್ ಆಸಿಡ್ ಆದರೆ ಫ್ರಿಜ್ಜು ಆರಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ 12.2 ವೋಲ್ಟಿಗಿಂತ ಮೇಲಿರಬೇಕು. ಲಿಥಿಯಂನಲ್ಲಿ ವೋಲ್ಟೇಜ್ ನೋಡಿ ಏನೂ ತಿಳಿಯದು, ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಪಟ್ಟಿ) ಇರುವ ಮಾನಿಟರ್ ಹಾಕಿಸಿ. ಆಮೇಲೆ ಎಂಜಿನ್ ಶುರು ಮಾಡಿ ಚಾರ್ಜ್ ಆಗುತ್ತಿರುವಾಗ ಮುಂದಿನ ಬ್ಯಾಟರಿಯಲ್ಲೂ ಚಾರ್ಜರಿನ ಬಾಯಲ್ಲೂ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಯಾವುದೋ ಲಗ್ ಸಡಿಲವಿದೆ ಅಥವಾ ಅರ್ತ್ ಸರಿಯಿಲ್ಲ. ಕೈಯಿಟ್ಟು ನೋಡಿ, ಬಿಸಿಯಾಗಿರುವ ಜಾಗವೇ ತಪ್ಪಿರುವ ಜಾಗ.

ಕೇಬಲ್, ಲಗ್ಗುಗಳು ಎಸ್.ಜೆ.ಪಿ. ರೋಡಿನಲ್ಲಿ, ಮೀಟರು, ಫ್ಯೂಸ್ ಹೋಲ್ಡರು ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಬೆಳಿಗ್ಗೆಯೇ ಹೋಗಿ, ಮೆಟ್ರೋದಲ್ಲಿ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.