ನಿವೃತ್ತಿಯ ನಂತರದ ಆರೋಗ್ಯ ವಿಮೆ: ಮೂಲ ಪಾಲಿಸಿಯ ಕೊರತೆಗೆ ನಾನು ಸೂಪರ್ ಟಾಪ್-ಅಪ್ ಆರಿಸಿಕೊಂಡ ಬಗೆ

ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದ ನಾನು 2024ರಲ್ಲಿ, ಅರವತ್ತು ತುಂಬಿದಾಗ ನಿವೃತ್ತನಾದೆ. ಸೇವೆಯಲ್ಲಿದ್ದಷ್ಟು ದಿನ ಆಸ್ಪತ್ರೆಯ ಖರ್ಚಿನ ಹೊಣೆ ಬ್ಯಾಂಕಿನದಾಗಿತ್ತು. ನಿವೃತ್ತರಿಗೂ ಗುಂಪು ವಿಮೆ ಇದೆ, ಆದರೆ ಅದರ ಪ್ರೀಮಿಯಂ ನಮ್ಮ ಕೈಯಿಂದಲೇ ಹೋಗಬೇಕು, ಮತ್ತು ನನಗೂ ನನ್ನ ಪತ್ನಿಗೂ ಸೇರಿ ವರ್ಷಕ್ಕೆ ಸಿಗುವುದು 4 ಲಕ್ಷ ರೂಪಾಯಿಯ ರಕ್ಷಣೆ. ನನಗೆ ಸಕ್ಕರೆ ಕಾಯಿಲೆ, ಆಕೆಗೆ ರಕ್ತದೊತ್ತಡ. ನಾವಿರುವುದು ಶಿವಮೊಗ್ಗದಲ್ಲಿ, ದೊಡ್ಡ ಚಿಕಿತ್ಸೆ ಎಂದರೆ ಮಣಿಪಾಲಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು, ಅಲ್ಲಿ 4 ಲಕ್ಷ ಒಂದೇ ಸಲದ ದಾಖಲಾತಿಯಲ್ಲಿ ಮುಗಿದುಹೋಗುವುದು ಕಷ್ಟವೇನಲ್ಲ. ಈ ಪಾಲಿಸಿಯ ಮೇಲೆ ಇನ್ನೊಂದನ್ನು ಹೇಗೆ ಆರಿಸಿಕೊಂಡೆ ಎಂಬುದನ್ನು ನನ್ನ ಸ್ಥಿತಿಯಲ್ಲಿರುವ ನಿವೃತ್ತರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಪೂರಕ ವಿಮೆ ಎಂದ ಕೂಡಲೇ ಹೆಚ್ಚಿನವರು ಪ್ರೀಮಿಯಂ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ನಾನು ಮೊದಲು ಮಾಡಿದ್ದು ನನ್ನಲ್ಲಿದ್ದ ಗುಂಪು ಪಾಲಿಸಿಯ ಷರತ್ತುಗಳ ಪೂರ್ತಿ ಪ್ರತಿಯನ್ನು ತರಿಸಿಕೊಂಡು, ಅದು ಎಲ್ಲೆಲ್ಲಿ ಹಣ ಕೊಡುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡದ್ದು. ಕೊರತೆಯ ಸ್ವರೂಪ ತಿಳಿಯದೆ ಪೂರಕವನ್ನು ಆರಿಸಲು ಬರುವುದಿಲ್ಲ ಎಂಬುದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಸಂಗತಿ, ಏಕೆಂದರೆ ಆ ಹಾಳೆಯಲ್ಲಿ ಬಂದ ಕೊರತೆಗಳಲ್ಲಿ ಕೆಲವನ್ನು ಮಾತ್ರ ಇನ್ನೊಂದು ವಿಮೆ ತುಂಬಬಲ್ಲದು. ಉಳಿದವಕ್ಕೆ ಬೇರೆಯೇ ದಾರಿ ಹುಡುಕಬೇಕು.

ಕೊಠಡಿ ಬಾಡಿಗೆಯನ್ನೇ ನೋಡಿ. ನಮ್ಮ ಪಾಲಿಸಿಯಲ್ಲಿ ಅದರ ಮಿತಿ ದಿನಕ್ಕೆ 5,000 ರೂಪಾಯಿ. ದಿನಕ್ಕೆ 8,000ದ ಕೊಠಡಿಯಲ್ಲಿ ಐದು ದಿನ ಇದ್ದು, ಒಟ್ಟು ಬಿಲ್ಲು 4 ಲಕ್ಷವಾಯಿತು ಎಂದುಕೊಳ್ಳೋಣ: ಕೊಠಡಿಗೆ 40,000, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಇತ್ಯಾದಿಗೆ 2 ಲಕ್ಷ, ಔಷಧಿ, ಪರೀಕ್ಷೆ ಮತ್ತು ಇಂಪ್ಲಾಂಟ್‌ಗಳಿಗೆ 1,60,000. ಬಾಡಿಗೆಯ ವ್ಯತ್ಯಾಸವಾದ 15,000 ಮಾತ್ರ ನಮ್ಮ ಪಾಲಿಗೆ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಆ 2 ಲಕ್ಷವೂ ಬಾಡಿಗೆಯ ಅನುಪಾತದಲ್ಲೇ (8,000ಕ್ಕೆ 5,000) ಎಂಟರಲ್ಲಿ ಐದು ಪಾಲಿಗೆ, ಅಂದರೆ 1,25,000ಕ್ಕೆ ಇಳಿಯುತ್ತದೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೂ ಐಸಿಯು ಶುಲ್ಕಕ್ಕೂ ಈ ಅನುಪಾತದ ಕಡಿತ ತಾಗಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಯಮ ಮಾಡಿದೆ, ಅದೊಂದು ಸಮಾಧಾನ. ಆದರೂ ಕೊನೆಗೆ ವಿಮೆಯಿಂದ ಬರುವುದು 3,10,000. ಉಳಿದ 90,000 ನಮ್ಮದು. ಬಿಲ್ಲು 4 ಲಕ್ಷವನ್ನು ಮೀರಿಲ್ಲವಾದ್ದರಿಂದ, ಆ ಮೊತ್ತದ ಮೇಲೆ ಕೆಲಸ ಮಾಡುವ ಯಾವ ಪೂರಕ ಪಾಲಿಸಿಯೂ ಇದಕ್ಕೆ ಒಂದು ರೂಪಾಯಿ ಕೊಡುವುದಿಲ್ಲ. ಈ ಕೊರತೆಗೆ ಇರುವ ಪರಿಹಾರ ದಾಖಲಾಗುವಾಗ ಮಿತಿಯೊಳಗಿನ ಕೊಠಡಿಯನ್ನೇ ಕೇಳುವುದು. ಕೊಠಡಿಯ ವಿಷಯದಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಏನು ಹೇಳಬೇಕು ಎಂಬುದನ್ನು ನನ್ನ ಪತ್ನಿಗೂ ಮಗಳಿಗೂ ಬರೆದುಕೊಟ್ಟಿದ್ದೇನೆ, ಏಕೆಂದರೆ ದಾಖಲಾಗುವವನು ನಾನೇ ಆದರೆ ಆ ನಿರ್ಧಾರ ಅವರದಾಗಿರುತ್ತದೆ.

ಇನ್ನು ವಿಮೆಯಿಂದಲೇ ತುಂಬಬಹುದಾದ ಕೊರತೆ, ಅಂದರೆ 4 ಲಕ್ಷದ ಮೇಲಿನ ಭಾಗ. ಇಲ್ಲಿ ಟಾಪ್-ಅಪ್, ಸೂಪರ್ ಟಾಪ್-ಅಪ್ ಎಂಬ ಎರಡು ಬಗೆಗಳಿವೆ. ಎರಡರಲ್ಲೂ ಡಿಡಕ್ಟಿಬಲ್ ಎಂಬ ಗೆರೆ ಇರುತ್ತದೆ. ಅದರ ಕೆಳಗಿನ ವೆಚ್ಚವನ್ನು ಮೂಲ ಪಾಲಿಸಿಯಾಗಲಿ ನಾವಾಗಲಿ ಭರಿಸಬೇಕು. ಟಾಪ್-ಅಪ್ ಈ ಗೆರೆಯನ್ನು ಪ್ರತಿ ಸಲದ ದಾಖಲಾತಿಗೂ ಹೊಸದಾಗಿ ಎಳೆಯುತ್ತದೆ, ಸೂಪರ್ ಟಾಪ್-ಅಪ್ ಇಡೀ ವರ್ಷದ ವೆಚ್ಚವನ್ನು ಕೂಡಿಸಿ ನೋಡುತ್ತದೆ. ಗೆರೆ 4 ಲಕ್ಷಕ್ಕಿದ್ದು, ಒಂದೇ ವರ್ಷದಲ್ಲಿ ಒಮ್ಮೆ 3.5 ಲಕ್ಷ, ಇನ್ನೊಮ್ಮೆ 3 ಲಕ್ಷ ಖರ್ಚಾದರೆ ಟಾಪ್-ಅಪ್‌ನಿಂದ ಬರುವುದು ಸೊನ್ನೆ, ಸೂಪರ್ ಟಾಪ್-ಅಪ್‌ನಿಂದ 2.5 ಲಕ್ಷ. ಅರವತ್ತು ದಾಟಿದವರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ದಾಖಲಾಗುವ ಸಂಭವ ಕಿರಿಯರಿಗಿಂತ ಜಾಸ್ತಿ. ಕೀಮೋಥೆರಪಿ, ಡಯಾಲಿಸಿಸ್‌ಗಳಂತೂ ಸಣ್ಣ ಸಣ್ಣ ಬಿಲ್ಲುಗಳ ಸಾಲಾಗಿಯೇ ಬರುತ್ತವೆ. ಹೀಗಾಗಿ ಪ್ರೀಮಿಯಂ ಎಷ್ಟೇ ಕಡಿಮೆ ಎಂದರೂ ಟಾಪ್-ಅಪ್ ಅನ್ನು ನಾನು ಪರಿಗಣಿಸಲೇ ಇಲ್ಲ.

ಸೂಪರ್ ಟಾಪ್-ಅಪ್ ನನಗೆ ಎರಡು ಕಡೆ ಸಿಗುತ್ತಿತ್ತು. ನಮ್ಮ ಗುಂಪು ಯೋಜನೆಯೇ ಹೆಚ್ಚುವರಿ ಪ್ರೀಮಿಯಂ ಪಡೆದು 4 ಲಕ್ಷದ ಮೇಲೆ ಸ್ವಲ್ಪ ರಕ್ಷಣೆ ಕೊಡುತ್ತದೆ, ಮತ್ತು ಮೂಲ ಪಾಲಿಸಿಯಂತೆ ಅದರಲ್ಲೂ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ, ಅಂದರೆ ಅವುಗಳ ಚಿಕಿತ್ಸೆಗೆ ಹಣ ಸಿಗದ ಆರಂಭದ ಅವಧಿ, ಇಲ್ಲ. ಆದರೆ ಗುಂಪು ವಿಮೆಯ ಷರತ್ತು, ದರ ಎರಡನ್ನೂ ವರ್ಷಕ್ಕೊಮ್ಮೆ ಬೇರೆಯವರು ಕೂತು ತೀರ್ಮಾನಿಸುತ್ತಾರೆ. ಎಪ್ಪತ್ತೈದನೆಯ ವಯಸ್ಸಿನಲ್ಲಿ ಅದು ಯಾವ ರೂಪದಲ್ಲಿರುತ್ತದೆ ಎಂಬ ಖಾತರಿ ಇಲ್ಲ. ಹೊರಗಿನ ಕಂಪನಿಯಿಂದ ಸ್ವಂತ ಹೆಸರಿನಲ್ಲಿ ಕೊಳ್ಳುವ ಪಾಲಿಸಿಯನ್ನು ಜೀವನಪರ್ಯಂತ ನವೀಕರಿಸಿಕೊಳ್ಳಬಹುದು, ಮೊತ್ತವೂ ದೊಡ್ಡದು, ಆದರೆ ಅದರಲ್ಲಿ ಕಾಯಬೇಕು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮೊದಲೇ ಇದ್ದ ಕಾಯಿಲೆಗಳಿಗೆ ಈ ಅವಧಿ ಹೆಚ್ಚೆಂದರೆ ಮೂರು ವರ್ಷ. ಅದಕ್ಕೆ ಮುಂಚೆ ನಾಲ್ಕು ವರ್ಷದವರೆಗೂ ಇರಬಹುದಿತ್ತು. ಅದೇ ಸುಧಾರಣೆಯಲ್ಲಿ, ಕಂಪನಿಗಳು 65 ದಾಟಿದವರೂ ಸೇರಿ ಎಲ್ಲ ವಯಸ್ಸಿನವರಿಗೂ ಪಾಲಿಸಿಗಳನ್ನು ಒದಗಿಸಬೇಕು ಎಂದಾಯಿತು. ಹಾಗೆಂದು ಕಂಪನಿ ಒಪ್ಪಲೇಬೇಕೆಂದಿಲ್ಲ, ಆರೋಗ್ಯ ಪರೀಕ್ಷೆ ಮಾಡಿಸಿ ತಿರಸ್ಕರಿಸುವ ಹಕ್ಕು ಅದಕ್ಕೆ ಇದ್ದೇ ಇದೆ. ಆದ್ದರಿಂದ ಇನ್ನೂ ಸೇವೆಯಲ್ಲಿರುವ ಕಿರಿಯ ಸಹೋದ್ಯೋಗಿಗಳಿಗೆ ನಾನು ಹೇಳುವುದು, ಐವತ್ತೈದರ ಸುಮಾರಿಗೇ ಸ್ವಂತ ಸೂಪರ್ ಟಾಪ್-ಅಪ್ ಮಾಡಿಸಿಡಿ, ನಿವೃತ್ತಿಯ ಹೊತ್ತಿಗೆ ಕಾಯುವ ಅವಧಿ ಮುಗಿದಿರುತ್ತದೆ.

ಎರಡನ್ನೂ ತೂಗಿ ನೋಡಿ ನಾನು ಎರಡನ್ನೂ ತೆಗೆದುಕೊಂಡೆ. ಸ್ವಂತದ್ದು ದಂಪತಿಗೆ ಸೇರಿದ ಫ್ಲೋಟರ್ ಪಾಲಿಸಿ (ಒಂದೇ ಮೊತ್ತವನ್ನು ಇಬ್ಬರೂ ಹಂಚಿಕೊಳ್ಳುವಂಥದ್ದು), 5 ಲಕ್ಷದ ಡಿಡಕ್ಟಿಬಲ್ ಮೇಲೆ 20 ಲಕ್ಷದ ರಕ್ಷಣೆ. ನಾನು ನೋಡಿದ ಪಾಲಿಸಿಗಳಲ್ಲಿ ಡಿಡಕ್ಟಿಬಲ್ 3 ಲಕ್ಷ, 5 ಲಕ್ಷ, 10 ಲಕ್ಷ ಎಂಬ ಮೆಟ್ಟಿಲುಗಳಲ್ಲಿ ಇತ್ತು. 3 ಲಕ್ಷಕ್ಕೆ ಇಳಿಸಿದರೆ ಮೂಲ ಪಾಲಿಸಿ ಕೊಡುವ 1 ಲಕ್ಷಕ್ಕೆ ಎರಡು ಕಡೆ ಪ್ರೀಮಿಯಂ ಕಟ್ಟಿದಂತೆ. 5 ಲಕ್ಷವಾದರೆ ನಡುವಿನ 1 ಲಕ್ಷವನ್ನು ಠೇವಣಿಯಿಂದ ಭರಿಸಿಕೊಳ್ಳಬಹುದು. ಗುಂಪಿನ ಸೂಪರ್ ಟಾಪ್-ಅಪ್ ಇರುವಷ್ಟು ಕಾಲ ಆ ಒಂದು ಲಕ್ಷದ ಅಂತರವೂ ಅದರಲ್ಲೇ ಮುಚ್ಚುತ್ತದೆ. ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಏನಾದರೂ ಮೂರು ವರ್ಷದೊಳಗೆ ಬಂದರೆ ನೆರವಿಗೆ ಬರುವುದೂ ಅದೇ.

ಸ್ವಂತ ಪಾಲಿಸಿಗಳನ್ನು ಹೋಲಿಸುವಾಗ ಜಾಹೀರಾತಿನ ಹಾಳೆಯನ್ನು ಬದಿಗಿಟ್ಟು ಷರತ್ತುಗಳ ಪುಸ್ತಿಕೆಯನ್ನೇ ಓದಿದೆ. ಕೊಠಡಿ ಬಾಡಿಗೆಗೆ ಮಿತಿ ಇದೆಯೇ, ವಯಸ್ಸಾದವರ ಪ್ರತಿ ಕ್ಲೇಮಿನಲ್ಲೂ ಶೇಕಡಾ 10 ಅಥವಾ 20ರಷ್ಟು ನಾವೇ ಕೊಡಬೇಕೆಂಬ ಕೋ-ಪೇ ಇದೆಯೇ, ರೊಬೊಟಿಕ್ ಶಸ್ತ್ರಚಿಕಿತ್ಸೆ ಮತ್ತು ಬಾಯಿಯ ಮೂಲಕ ಕೊಡುವ ಕೀಮೋ ಔಷಧಿಗೆ ಒಳಮಿತಿ ಇದೆಯೇ, ನಾವು ನಿಜವಾಗಿ ಹೋಗುವ ಆಸ್ಪತ್ರೆಗಳು ಅದರ ಪಟ್ಟಿಯಲ್ಲಿವೆಯೇ ಎಂದು ನೋಡಿಕೊಂಡೆ. ಕೋ-ಪೇ ಇರುವುದನ್ನು ಒಮ್ಮೆಗೇ ಬಿಟ್ಟೆ. ದೊಡ್ಡ ಬಿಲ್ಲಿಗೆಂದೇ ಕೊಳ್ಳುವ ಪಾಲಿಸಿ ದೊಡ್ಡ ಬಿಲ್ಲಿನಲ್ಲೇ ಕೈ ಹಿಂದೆಳೆದುಕೊಂಡರೆ ಅದರಿಂದ ಪ್ರಯೋಜನವಿಲ್ಲ. ಇದಕ್ಕೆ ಪ್ರೀಮಿಯಂ ಹೆಚ್ಚಾಯಿತು, ಅದು ಸರಿಯಾದ ಖರ್ಚೆಂದೇ ನನ್ನ ಅಭಿಪ್ರಾಯ. ಇನ್ನೊಂದು ಮಾತು: ಡಿಡಕ್ಟಿಬಲ್ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರುವುದು ಆ ಪಾಲಿಸಿಯ ಷರತ್ತಿನಂತೆ ಒಪ್ಪಿತವಾಗುವ ವೆಚ್ಚ ಮಾತ್ರ. ಬಿಲ್ಲು 5 ಲಕ್ಷ ದಾಟಿತು ಎಂದ ಮಾತ್ರಕ್ಕೆ ಗೆರೆ ದಾಟಿದಂತಾಗದು.

ಯಾರೂ ಹೇಳಿಕೊಡದ, ಆದರೆ ಬಹಳ ಹಣ ಉಳಿಸಬಲ್ಲ ವಿಷಯವೆಂದರೆ ಪಾಲಿಸಿ ವರ್ಷಗಳ ಹೊಂದಾಣಿಕೆ. ನಮ್ಮ ಗುಂಪು ಪಾಲಿಸಿ ನವೆಂಬರ್‌ನಲ್ಲಿ ನವೀಕರಣವಾಗುತ್ತದೆ. ಸ್ವಂತ ಸೂಪರ್ ಟಾಪ್-ಅಪ್ ಅನ್ನು ಮಾರ್ಚ್‌ನಲ್ಲಿ ಆರಂಭಿಸಿದ್ದರೆ ಏನಾಗುತ್ತಿತ್ತು? ಫೆಬ್ರುವರಿಯ ಒಂದು ಚಿಕಿತ್ಸೆಯಲ್ಲಿ ಮೂಲ ಪಾಲಿಸಿಯ 4 ಲಕ್ಷ ಮುಗಿದು, ಏಪ್ರಿಲ್‌ನಲ್ಲಿ ಮತ್ತೆ 5 ಲಕ್ಷದ ಚಿಕಿತ್ಸೆ ಬಂದರೆ ಮೂಲ ಪಾಲಿಸಿಯಲ್ಲಿ ಏನೂ ಉಳಿದಿರುವುದಿಲ್ಲ. ಸೂಪರ್ ಟಾಪ್-ಅಪ್‌ಗೆ ಮಾತ್ರ ಅದು ಹೊಸ ವರ್ಷ, ಫೆಬ್ರುವರಿಯ ಖರ್ಚು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಗುಂಪಿನ ಸೂಪರ್ ಟಾಪ್-ಅಪ್ ಇಲ್ಲದಿದ್ದರೆ, ಎರಡು ಪಾಲಿಸಿ ಇದ್ದೂ 5 ಲಕ್ಷ ಪೂರ್ತಿಯಾಗಿ ನಮ್ಮ ತಲೆಯ ಮೇಲೆ. ಹೀಗಾಗಿ ನಾನು ಅರ್ಜಿ, ಆರೋಗ್ಯ ಪರೀಕ್ಷೆ ಎಲ್ಲವನ್ನೂ ಮೊದಲೇ ಮುಗಿಸಿ, ಸ್ವಂತ ಪಾಲಿಸಿಯೂ 2024ರ ನವೆಂಬರ್‌ನಲ್ಲೇ ಆರಂಭವಾಗುವಂತೆ ನೋಡಿಕೊಂಡೆ.

ಅರ್ಜಿಯ ಹೊತ್ತಿನಲ್ಲಿ ಏಜೆಂಟರೊಬ್ಬರು, "ಸಕ್ಕರೆ ಮಾತ್ರೆಯ ವಿಷಯ ಬರೆಯದಿದ್ದರೂ ನಡೆಯುತ್ತೆ ಸಾರ್, ಸುಮ್ಮನೆ ಪ್ರೀಮಿಯಂ ಜಾಸ್ತಿಯಾಗುತ್ತೆ" ಎಂದರು. ಅವರ ಮೂಲಕ ಪಾಲಿಸಿ ಕೊಳ್ಳುವುದನ್ನು ಅಲ್ಲಿಗೇ ಕೈಬಿಟ್ಟೆ. ಅರವತ್ತು ತಿಂಗಳು ಸತತವಾಗಿ ಪಾಲಿಸಿ ನಡೆಸಿದ ಮೇಲೆ ವಂಚನೆಯನ್ನು ಸಾಬೀತುಪಡಿಸದೆ, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಕಂಪನಿ ಕ್ಲೇಮನ್ನು ನಿರಾಕರಿಸುವಂತಿಲ್ಲ ಎಂಬ ನಿಯಮ ಇರುವುದು ನಿಜ. ಆದರೆ ಆ ಐದು ವರ್ಷದೊಳಗೆ ಆಸ್ಪತ್ರೆ ಸೇರಿದರೆ, ಡಿಸ್ಚಾರ್ಜ್ ಸಾರಾಂಶದಲ್ಲಿ "ಎಂಟು ವರ್ಷದಿಂದ ಮಧುಮೇಹ" ಎಂದು ವೈದ್ಯರು ಬರೆಯುವ ಒಂದೇ ಸಾಲು ಕ್ಲೇಮನ್ನಷ್ಟೇ ಅಲ್ಲ, ಪಾಲಿಸಿಯನ್ನೂ ಕಳೆಯಬಲ್ಲದು. ನಾನು ಮಾತ್ರೆಗಳ ಹೆಸರು, ಪ್ರಮಾಣ, ಕಾಯಿಲೆ ಪತ್ತೆಯಾದ ವರ್ಷ ಎಲ್ಲವನ್ನೂ ಬರೆದೆ. ಕಂಪನಿ ಪ್ರೀಮಿಯಂ ಸ್ವಲ್ಪ ಏರಿಸಿ ಒಪ್ಪಿಕೊಂಡಿತು. ಪಾಲಿಸಿ ಕೈಸೇರಿದ ಮೇಲೆ, ಬೇಡವೆನಿಸಿದರೆ ಅದನ್ನು ಹಿಂದಿರುಗಿಸಲು ಮೂವತ್ತು ದಿನಗಳ ಫ್ರೀ-ಲುಕ್ ಅವಧಿ ಇರುತ್ತದೆ. ಆಗ ನಮ್ಮ ಅರ್ಜಿಯ ಪ್ರತಿಯನ್ನೂ ಪಾಲಿಸಿಯಲ್ಲಿ ಅಚ್ಚಾದ ಮಾಹಿತಿಯನ್ನೂ ಸಾಲು ಸಾಲಾಗಿ ತಾಳೆ ನೋಡುವುದು ಬಹಳ ಅಗತ್ಯ.

ಖರ್ಚಿನ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಲೋಟರ್ ಆರೋಗ್ಯ ಪಾಲಿಸಿಗಳ ಮೇಲಿನ ಶೇಕಡಾ 18ರ ಜಿಎಸ್‌ಟಿ ರದ್ದಾದ್ದರಿಂದ ಮೊದಲ ನವೀಕರಣದಲ್ಲೇ ಆ ಭಾರ ಇಳಿಯಿತು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವ ಹಿರಿಯರಿಗೆ ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ 50,000ದವರೆಗೆ ವಿನಾಯಿತಿಯೂ ಉಂಟು, ಹೊಸ ಪದ್ಧತಿಯಲ್ಲಿ ಅದು ಇಲ್ಲ.

ಸರ್ಕಾರದ ಯೋಜನೆ ಇರುವಾಗ ಇದೆಲ್ಲ ಏಕೆ ಎಂದು ಗೆಳೆಯರು ಕೇಳಿದ್ದುಂಟು. ಆಯುಷ್ಮಾನ್ ಭಾರತದ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಂದು ಆರಂಭವಾಯಿತು. ಆದಾಯ ಎಷ್ಟೇ ಇರಲಿ, 70 ತುಂಬಿದವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ರಕ್ಷಣೆ, ಖಾಸಗಿ ವಿಮೆ ಇದ್ದರೂ ಅರ್ಹತೆ ಇದೆ. ಇದು ನಿಜಕ್ಕೂ ದೊಡ್ಡ ಉಪಕಾರ, ಎಪ್ಪತ್ತು ದಾಟಿದ ತಂದೆ ತಾಯಿ ಇರುವವರು ತಪ್ಪದೆ ವಿಚಾರಿಸಬೇಕು. ಆದರೆ ಅರವತ್ತರಿಂದ ಎಪ್ಪತ್ತರ ನಡುವಿನ ಹತ್ತು ವರ್ಷಕ್ಕೆ ಅದು ಬರುವುದಿಲ್ಲ, ಮತ್ತು ನನ್ನ ಪತ್ನಿ ನನಗಿಂತ ನಾಲ್ಕು ವರ್ಷ ಚಿಕ್ಕವಳು.

ಹೊರರೋಗಿ ಚಿಕಿತ್ಸೆ, ತಿಂಗಳ ಮಾತ್ರೆಗಳು, ಕೈಗವಸಿನಂಥ ಕ್ಲೇಮಿಗೆ ಸೇರದ ಸಾಮಗ್ರಿ, ಮನೆಗೆ ಬರುವ ನರ್ಸಿನ ವೆಚ್ಚ, ದೀರ್ಘಕಾಲದ ಫಿಸಿಯೋಥೆರಪಿ, ಇವು ನನ್ನ ಹಾಳೆಯಲ್ಲಿ ಕೊನೆಯವರೆಗೂ ತುಂಬದೆ ಉಳಿದ ಕೊರತೆಗಳು. ಇವಕ್ಕೆಂದೇ ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು, ಬೇಕೆಂದಾಗ ಮುರಿಸಬಹುದಾದ ಸಣ್ಣ ಸಣ್ಣ ಠೇವಣಿಗಳಾಗಿ, ಇಬ್ಬರ ಜಂಟಿ ಹೆಸರಿನಲ್ಲಿ ಇಟ್ಟಿದ್ದೇನೆ.

ಎರಡು ಮೂರು ಪಾಲಿಸಿ ಇದ್ದಾಗ ಕ್ಲೇಮಿನ ಕ್ರಮವೂ ಮೊದಲೇ ಗೊತ್ತಿರಬೇಕು. ದಾಖಲಾದ ಕೂಡಲೇ ಮೂಲ ಪಾಲಿಸಿಯ ಟಿಪಿಎಗೆ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಗೆ) ತಿಳಿಸುವಾಗಲೇ, ಬಿಲ್ಲು ಅಲ್ಲಿಯವರೆಗೆ ಹೋಗುತ್ತದೋ ಇಲ್ಲವೋ, ಪೂರಕ ಪಾಲಿಸಿಯ ಕಂಪನಿಗೂ ತಿಳಿಸಬೇಕು. ಮೂಲ ಪಾಲಿಸಿಯ ಮೊತ್ತ ಸಾಲದಿದ್ದರೆ ಉಳಿದ ಹಣಕ್ಕಾಗಿ ಮೊದಲ ಕಂಪನಿಯೇ ಇನ್ನೊಂದರೊಂದಿಗೆ ಸಮನ್ವಯ ಮಾಡಬೇಕೆಂದು ಐಆರ್‌ಡಿಎಐನ 2024ರ ಸುತ್ತೋಲೆ ಹೇಳುತ್ತದೆ. ಅದನ್ನೇ ನಂಬಿ ಕೂರದೆ, ಬಿಲ್ಲುಗಳ ದೃಢೀಕೃತ ಪ್ರತಿಗಳನ್ನೂ ಮೊದಲ ಕಂಪನಿಯ ಇತ್ಯರ್ಥ ಪತ್ರವನ್ನೂ ನಾವೇ ಕೇಳಿ ಪಡೆದಿಟ್ಟುಕೊಳ್ಳುವುದು ಕ್ಷೇಮ. ಅವಿಲ್ಲದೆ ಎರಡನೆಯ ಕ್ಲೇಮು ಮುಂದಕ್ಕೆ ಸಾಗುವುದು ಕಷ್ಟ.

ನನ್ನ ಸ್ವಂತ ಪಾಲಿಸಿಯ ಕಾಯುವ ಅವಧಿ 2027ರ ನವೆಂಬರ್‌ಗೆ ಮುಗಿಯುತ್ತದೆ. ಆಗ ಗುಂಪಿನ ಸೂಪರ್ ಟಾಪ್-ಅಪ್ ಅನ್ನು ಮುಂದುವರಿಸಬೇಕೇ ಎಂಬುದನ್ನು ಆ ವರ್ಷದ ದರ ನೋಡಿ ತೀರ್ಮಾನಿಸುತ್ತೇನೆ. ಸ್ವಂತದ್ದರ ಮೊತ್ತವನ್ನು ಆಗ ಹೆಚ್ಚಿಸುವ ಅಗತ್ಯ ಬೀಳದಿರಲಿ ಎಂದೇ ಆರಂಭದಲ್ಲೇ 20 ಲಕ್ಷಕ್ಕೆ ಮಾಡಿಸಿದ್ದು, ಏಕೆಂದರೆ ನಂತರ ಏರಿಸಿದ ಮೊತ್ತಕ್ಕೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.