ತಿಂಗಳ ಕಾಣಿಕೆ ಕವರ್: ಮೂರನೇ ಸಲಕ್ಕೆ ನಿಂತದ್ದು ಹೇಗೆ

‘ನಮ್ಮ ಜನ ಹಬ್ಬಕ್ಕೆ ಕೊಡ್ತಾರೆ, ತಿಂಗಳಿಗೆ ಕೊಡಲ್ಲ’ ಅನ್ನುವ ಮಾತನ್ನು ಬೆಂಗಳೂರಿನ ಯಾವ ಧರ್ಮಕೇಂದ್ರದ (ಕಥೋಲಿಕ ಚರ್ಚಿನ) ಆರ್ಥಿಕ ಸಮಿತಿಯಲ್ಲಿ ಕೂತರೂ ಕೇಳುತ್ತೀರಿ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ, ಕ್ರಿಸ್ಮಸ್ಸಿಗೆ ಕಾಣಿಕೆ ಚೀಲ ತುಂಬುತ್ತದೆ. ಮಕ್ಕಳ ಫೀಸು ಕಟ್ಟುವ ಜೂನ್, ಜುಲೈನಲ್ಲಿ ಬೆಸ್ಕಾಂ ಬಿಲ್ಲಿಗೂ ತತ್ವಾರ. ನಮ್ಮಲ್ಲಿ 400ರ ಹತ್ತಿರ ಕುಟುಂಬಗಳಿವೆ. ಈಗ ಅದರಲ್ಲಿ 230 ಮನೆಗಳಾದರೂ ತಿಂಗಳು ತಪ್ಪದೆ ಕೊಡುತ್ತಿವೆ. ಭಾನುವಾರದ ಕಾಣಿಕೆಯೂ ಸೇರಿ ತಿಂಗಳಿಗೆ 1 ಲಕ್ಷ 30 ಸಾವಿರದ ಆಸುಪಾಸು ಬರುತ್ತದೆ. ಮೊದಲು 45 ಸಾವಿರ ದಾಟಿದ ತಿಂಗಳೇ ಕಡಿಮೆ. ಆಗೋದಿಲ್ಲ ಅಂದವರೇ ಈಗ ಪಕ್ಕದ ಧರ್ಮಕೇಂದ್ರದವರನ್ನು ನಮ್ಮ ಹತ್ತಿರ ಕಳಿಸುತ್ತಾರೆ.

ಮೊದಲ ಸಲ ವಾರಕ್ಕೊಂದರಂತೆ ಮನೆಗೆ 52 ಕವರ್ ಮಾಡಿಸಿದೆವು. ಒಟ್ಟು 20,800 ಕವರ್, ಒಂದಕ್ಕೆ 1 ರೂಪಾಯಿ 20 ಪೈಸೆ ಅಂತ 25 ಸಾವಿರ ಹೋಯಿತು. ಫೆಬ್ರವರಿಯ ಹೊತ್ತಿಗೆ ಅರ್ಧಕ್ಕರ್ಧ ಮನೆಗಳಲ್ಲಿ ಕವರ್ ಕಟ್ಟು ಟಿವಿ ಮೇಲೆ ಕೂತಿತ್ತು. ಸಂಬಳ ತಿಂಗಳಿಗೊಮ್ಮೆ ಬರುವ ಊರಿನಲ್ಲಿ ವಾರದ ಕವರ್ ನಡೆಯುವುದಿಲ್ಲ. ಎರಡನೇ ಸಲ 12 ಕವರ್ ಮಾಡಿ ‘ಆದಾಯದ ದಶಮಾಂಶ’ ಕೇಳಿದೆವು. ಹಂಚಿದ ವಾಗ್ದಾನದ ಚೀಟಿಗಳಲ್ಲಿ ಮುಕ್ಕಾಲು ಪಾಲು ಖಾಲಿ ವಾಪಸ್. ಹತ್ತರಲ್ಲೊಂದು ಕೊಡಲೇಬೇಕು ಅಂತ ಧರ್ಮಸಭೆಯ ಕಟ್ಟಳೆಯೂ ಇಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 222ನೇ ಕಾನನ್ (ಕಲಂ) ಹೇಳುವುದು ಧರ್ಮಸಭೆಯ ಅಗತ್ಯಗಳಿಗೆ ನೆರವಾಗಬೇಕು ಅಂತ, ಅಷ್ಟೇ.

ಮೂರನೇ ಸಲ ಕೇಳಿದ್ದು ‘ತಿಂಗಳಲ್ಲಿ ಒಂದು ದಿನದ ದುಡಿಮೆ, ಆಗದಿದ್ದರೆ ಅರ್ಧ ದಿನದ್ದು’. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೂ ಸಾಫ್ಟ್‌ವೇರ್ ಹುಡುಗನಿಗೂ ಲೆಕ್ಕ ಒಂದೇ. ಚೀಟಿಯಲ್ಲಿ ಶೇಕಡಾ ಇಲ್ಲ, ಸಂಬಳದ ಪ್ರಶ್ನೆಯೂ ಇಲ್ಲ. ‘ಯಾವಾಗ ಬೇಕಾದರೂ ಬದಲಿಸಬಹುದು, ನಿಲ್ಲಿಸಬಹುದು’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆವು. ಆ ಸಾಲು ಇಲ್ಲದಿದ್ದರೆ ಜನ ಅದನ್ನು ಸಾಲಪತ್ರದ ಹಾಗೆ ನೋಡುತ್ತಾರೆ.  

ಕವರಿನದೇ ಒಂದು ಪಾಠ. ಮಳೆಗಾಲದಲ್ಲಿ ಗೋಂದಿನ ಬಾಯಿ ತಂತಾನೇ ಅಂಟಿಕೊಳ್ಳುತ್ತದೆ. ಮನೆಯವರು ಬಿಡಿಸಿ, ನೋಟು ಹಾಕಿ, ಸ್ಟೇಪ್ಲರ್ ಹೊಡೆದು ತಂದರು. ಎಣಿಸುವವರು ಬ್ಲೇಡಿನಲ್ಲಿ ಕೊಯ್ದಾಗ 500ರ ನೋಟುಗಳೂ ಸೀಳಿದವು. ಈಗ ಗೋಂದೇ ಇಲ್ಲ, ಬಾಯಿಯನ್ನು ಒಳಕ್ಕೆ ಮಡಚಿ ಸಿಕ್ಕಿಸುವ ಕಂದು ಕವರ್. ನೋಟನ್ನು ಒಂದೇ ಮಡಿಕೆಯಲ್ಲಿ ಹಾಕುವಷ್ಟು ಅಗಲ. ಮೇಲೆ ಹೆಸರಿಲ್ಲ; ವಲಯದ ಸಂಖ್ಯೆ, ಮನೆಯ ಸಂಖ್ಯೆ, ತಿಂಗಳು ಮಾತ್ರ. ಪಕ್ಕದಲ್ಲಿ ಕೂತವರಿಗೆ ಯಾರದು, ಎಷ್ಟು ಅಂತ ತಿಳಿಯಬಾರದು. ಎಣಿಕೆಗೆ ಮೂವರು, ಯಾರೂ ಒಂದೇ ಕುಟುಂಬದವರಲ್ಲ. ನೋಟುವಾರು ಚೀಟಿ ಬರೆದು ಮೂವರೂ ಸಹಿ ಹಾಕಿ, ಬಂದ ಹಣ ಪೂರ್ತಿ ಸೋಮವಾರ ಬ್ಯಾಂಕಿಗೆ. ಅದರಿಂದ ಹೂವಿನವರಿಗೆ 200 ರೂಪಾಯಿ ಕೊಟ್ಟರೂ ವರ್ಷದ ಕೊನೆಗೆ ಲೆಕ್ಕ ಕೂಡುವುದಿಲ್ಲ.

ಯುಪಿಐ ಕೋಡ್ ಅಂಟಿಸಿದ ಮೇಲೆ ಹೊಸ ತಲೆನೋವು. ದುಡ್ಡು ಬರುತ್ತದೆ, ಯಾವ ಮನೆಯದು ಗೊತ್ತಾಗುವುದಿಲ್ಲ. ಷರಾ ಬರೆಯಿರಿ ಅಂದರೆ ಹತ್ತರಲ್ಲಿ ಮೂವರು ಬರೆದಾರು. ಅದಕ್ಕೊಂದು ಪ್ರಯೋಗ ಮಾಡಿದೆವು: ರೂಪಾಯಿಯ ಬಾಲದಲ್ಲಿ ವಲಯ, ಪೈಸೆಯಲ್ಲಿ ಮನೆ. 7ನೇ ವಲಯದ 23ನೇ ಮನೆ 500 ಕೊಡುವುದಾದರೆ 507.23. ಪ್ರತಿ ತಿಂಗಳೂ ಕೈಯಲ್ಲಿ ಒತ್ತುವವರಿಗೆ ಇದು ಬೇಜಾರಾಯಿತು. ಆಟೋಪೇ ಹಾಕಿಕೊಂಡವರಲ್ಲಿ ಮಾತ್ರ ಸೊಗಸಾಗಿ ನಡೆಯಿತು, ಒಮ್ಮೆ ಹೊಂದಿಸಿದರೆ ಮುಗಿಯಿತಲ್ಲ. 15,000ದವರೆಗೆ ಪ್ರತಿ ಸಲ ಪಿನ್ ಬೇಕಿಲ್ಲ. ತಾರೀಖು ಮಾತ್ರ ಜೋಪಾನ. ಮೊದಲು 7 ಅಂತ ಇಟ್ಟೆವು. 5ಕ್ಕೇ ಇಎಂಐ ಹೋಗಿ ಖಾತೆ ಒಣಗಿರುತ್ತಿತ್ತು. ಖಾತೆಯಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಬ್ಯಾಂಕಿನ ನಾಚ್ ವ್ಯವಸ್ಥೆಯ ಮೂಲಕ ಕೊಡುತ್ತಿದ್ದವರಿಗೆ ಅವರ ಬ್ಯಾಂಕೇ ದಂಡ ಹಾಕಿತು. ಕಾಣಿಕೆ ಕೊಡಹೋಗಿ ದಂಡ ಕಟ್ಟಿದವರು ಮತ್ತೆ ಬರುವುದು ಕಷ್ಟ. ಈಗ 2ನೇ ತಾರೀಖು.

ಹೊರದೇಶದ ಮಕ್ಕಳ ವಿಷಯದಲ್ಲಿ ಹುಷಾರು. ದುಬೈಯಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ಉಳಿತಾಯದ ಹಣ ಬ್ಯಾಂಕ್ ಮೂಲಕ ಬಂದರೆ ತೊಂದರೆಯಿಲ್ಲ. ಕೆನಡಾದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇಟ್ಟುಕೊಂಡವರದು, ರೂಪಾಯಿಯಲ್ಲೇ ಬಂದರೂ, ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ) ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇನ್ನು 80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ. ಪೂಜೆ, ಕಟ್ಟಡ, ಗುರುಗಳ ನಿರ್ವಹಣೆಯಂಥ ಧಾರ್ಮಿಕ ಖರ್ಚಿನ ನಿಧಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ನಮ್ಮ ಮೊದಲ ಕರಪತ್ರದಲ್ಲಿ ‘ತೆರಿಗೆ ವಿನಾಯಿತಿ ಉಂಟು’ ಅಂತ ಅಚ್ಚಾಗಿ, ಪೂಜೆಯ ಕೊನೆಯಲ್ಲಿ ತಿದ್ದುಪಡಿ ಓದಬೇಕಾಯಿತು. ಬಡವರ ಓದು, ಔಷಧಿಗೆ ಕೊಡುವವರನ್ನು 80ಜಿ ಇರುವ ಸೇವಾ ಟ್ರಸ್ಟಿಗೆ ನೇರ ಕಳಿಸಿ. ಅಲ್ಲೂ 2,000ಕ್ಕಿಂತ ಹೆಚ್ಚಿನ ನಗದಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗಂತೂ ಏನೂ ಸಿಗದು.

ಜನರ ಕೈ ಬಿಚ್ಚಿಸಿದ್ದು ಲೆಕ್ಕ. ಭಕ್ತರಿಗೆ ಲೆಕ್ಕ ಒಪ್ಪಿಸಬೇಕೆಂದು ಕಾನನ್ 1287 ಹೇಳುತ್ತದೆ. ನಾವು ಮೂರು ತಿಂಗಳಿಗೊಮ್ಮೆ ಒಪ್ಪಿಸುತ್ತೇವೆ. ಬೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ಮೈಕಿನ ರಿಪೇರಿ ರಸೀದಿಯ ಜೆರಾಕ್ಸನ್ನೇ ಬಾಗಿಲ ಪಕ್ಕದ ಬೋರ್ಡಿಗೆ ಪಿನ್ ಹೊಡೆಯುತ್ತೇವೆ. ಮೊದಲ ಸಲ ಹಾಕಿದ ಭಾನುವಾರ ಪೂಜೆ ಮುಗಿದ ಮೇಲೂ ಅರ್ಧ ಗಂಟೆ ಜನ ಅಲ್ಲೇ ನಿಂತು ಓದಿದರು. ಅದರ ಮುಂದಿನ ತಿಂಗಳು 40 ಹೊಸ ವಾಗ್ದಾನದ ಚೀಟಿ ಬಂದವು. ಇನ್ನೊಂದು ಎಡವಟ್ಟು: ಮಾಡಿನ ದುರಸ್ತಿಗೆ ಅಂತ ಎತ್ತಿದ್ದರಲ್ಲಿ 40 ಸಾವಿರ ಉಳಿಯಿತು. ಕೊಟ್ಟ ಉದ್ದೇಶಕ್ಕೇ ಬಳಸಬೇಕೆಂಬುದು ಕಾನನ್ 1267. ಸ್ಪೀಕರಿಗೆ ತಿರುಗಿಸುವಂತಿಲ್ಲ. ಈಗ ಪ್ರತಿ ವಿಶೇಷ ಕವರಿನಲ್ಲೂ ‘ಉಳಿದರೆ ಸಾಮಾನ್ಯ ನಿಧಿಗೆ’ ಅಂತ ಮೊದಲೇ ಅಚ್ಚಾಗಿರುತ್ತದೆ. ಪೂಜಾ ಕೋರಿಕೆಯ ಹಣವನ್ನು (ಯಾರಿಗಾದರೂ ಪೂಜೆ ಅರ್ಪಿಸಿ ಅಂತ ಕೊಟ್ಟದ್ದನ್ನು) ಇದ್ಯಾವುದರ ಜೊತೆಗೂ ಬೆರೆಸಬೇಡಿ, ಅದರ ಪುಸ್ತಕವೇ ಬೇರೆ.

ತಿಂಗಳ ಕಾಣಿಕೆಯಲ್ಲದೆ ವಿಲ್‌ನಲ್ಲಿ ಚರ್ಚಿಗೆ ಬರೆದಿಡುವವರೂ ಇದ್ದಾರೆ. ಆ ಬಗ್ಗೆ ಹಿರಿಯರಲ್ಲೊಂದು ಹಳೆಯ ಭಯವಿದೆ: ಧರ್ಮಕ್ಕೆ ಬರೆದರೆ, ಬರೆದು ವರ್ಷ ತುಂಬುವ ಮುಂಚೆ ಸತ್ತರೆ ಅದು ನಡೆಯದು ಅಂತ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 118ನೇ ಕಲಂನಲ್ಲಿ ಹಾಗೇ ಇತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಕೆಲವು ವಕೀಲರೇ ಇನ್ನೂ ಹಳೆಯದನ್ನು ಹೇಳುತ್ತಾರೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಪಾಲು ಪಡೆಯುವವರಾಗಲಿ ಅವರ ಗಂಡ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಆ ಪಾಲು ಬಿದ್ದುಹೋಗುತ್ತದೆ. ಅನುಮಾನಕ್ಕೆಡೆ ಬೇಡವೆಂದು ಗುರುಗಳಿಂದಲೂ ಸಮಿತಿಯವರಿಂದಲೂ ನಾವು ಸಹಿ ಹಾಕಿಸುವುದಿಲ್ಲ. ‘ನಮ್ಮ ಚರ್ಚಿಗೆ’ ಅಂತ ಬರೆದರೆ ಸಾಲದು. ಆಸ್ತಿ ಯಾವ ಹೆಸರಿನಲ್ಲಿರುತ್ತದೋ ಆ ಹೆಸರನ್ನು ಮಹಾಧರ್ಮಾಧ್ಯಕ್ಷರ (ಆರ್ಚ್‌ಬಿಷಪ್) ಕಚೇರಿಯಲ್ಲಿ ಕೇಳಿ, ಅಕ್ಷರ ಬಿಡದೆ ಬರೆಸಿ. ಮಕ್ಕಳಿರುವವರು ಮನೆ ಪೂರ್ತಿ ಬರೆಯುತ್ತೇನೆ ಅಂದರೆ ನಾವು ಬೇಡ ಅನ್ನುತ್ತೇವೆ. ಇಷ್ಟು ಪಾಲು ಅಂತ ಬರೆಯುವುದು ಒಳ್ಳೆಯದು, ರೂಪಾಯಿ ಮೊತ್ತ 20 ವರ್ಷದಲ್ಲಿ ಸವೆದುಹೋಗಿರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ವಿಲ್ ಬರೆದವರು ಮತ್ತೆ ಮದುವೆಯಾದರೆ ಆ ವಿಲ್ ಅದೇ ಕಾಯಿದೆಯ 69ನೇ ಕಲಂ ಪ್ರಕಾರ ತಾನಾಗಿಯೇ ರದ್ದಾಗುತ್ತದೆ. ಚರ್ಚಿನಲ್ಲಿ ಅವರ ಮದುವೆಯ ಪ್ರಕಟಣೆ ಓದುವ ವಾರವೇ ಹೋಗಿ ಇದನ್ನು ಅವರಿಗೆ ತಿಳಿಸಿ.